ಮುತ್ಯಾ ಇಲ್ಲದ ಮುತ್ಯಾನ ಖಾನಾವಳಿ: ಊಟ ಈಗ ಹೇಗಿದೆ?

ವಿಜಯಪುರಕ್ಕೆ ಬರುವ ಗೆಳೆಯರೆಲ್ಲ ಈಗ ಇದನ್ನೇ ಕೇಳುತ್ತಾರೆ. ಖಾನಾವಳಿ ಕಟ್ಟಿದ ಅಜ್ಜ, ನಮ್ಮೆಲ್ಲರ ಬಾಯಲ್ಲಿ ಮುತ್ಯಾ, ತೀರಿಕೊಂಡ ಮೇಲೆ ಅಲ್ಲಿ ಊಟ ಮೊದಲಿನ ಹಾಗೇ ಇದೆಯಾ? ನೇರವಾಗಿ ಹೇಳಿಬಿಡುತ್ತೇನೆ: ಹೋಗಿ. ರೊಟ್ಟಿ ಹಾಗೇ ಇದೆ, ಪುಂಡಿಪಲ್ಯ ಹಾಗೇ ಇದೆ, ಬಡಿಸುವವರ ಕೈ ಬಿಗಿ ಆಗಿಲ್ಲ. ಎಣ್ಣೆಗಾಯಿ ಮಾತ್ರ ಮೊದಲಿನಷ್ಟು ಚೆನ್ನಾಗಿಲ್ಲ, ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಮುತ್ಯಾನ ವಿಷಯ ಜಾಸ್ತಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಆ ತಾಟಿನಲ್ಲಿ ಬರುವುದೆಲ್ಲ ಅವರು ಹಾಕಿಕೊಟ್ಟ ಪದ್ಧತಿಯ ಪ್ರಕಾರವೇ ಬರುತ್ತದೆ, ಅವರನ್ನು ಬಿಟ್ಟು ಆ ಊಟದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ.

ಮೊದಲು ಜಾಗ. ಸಿದ್ಧೇಶ್ವರ ಗುಡಿಯಿಂದ ನಡೆದು ಹೋಗುವಷ್ಟು ಹತ್ತಿರ, ಒಂದು ಒಳ ಓಣಿಯಲ್ಲಿ ಹಳೇ ಕಲ್ಲಿನ ಮನೆ. ಮುಂದಿನ ಪಡಸಾಲೆಯಲ್ಲಿ ಊಟ, ಹಿಂದೆ ಅಡುಗೆಮನೆ, ಮೇಲೆ ಮನೆಯವರು ಇರುತ್ತಾರೆ. ಬೋರ್ಡಿನ ಮೇಲೆ ಬೇರೆ ಹೆಸರಿದೆ. ಮನೆಯವರು ತಮ್ಮ ಹೆಸರು ಎಲ್ಲೂ ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಕಾರು ಓಣಿಯೊಳಗೆ ಬರುವುದಿಲ್ಲ, ಹೊರಗೇ ಬಿಟ್ಟು ನಡೆದು ಬನ್ನಿ. ಊಟಕ್ಕೆ ಈಗ 100 ರೂಪಾಯಿ. ಬಿಸಿ ರೊಟ್ಟಿ ಎಷ್ಟು ಬೇಕಾದರೂ ಹಾಕುತ್ತಾರೆ. ಜೊತೆಗೆ ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಮೊಸರು, ಹಸಿ ಮೆಂತ್ಯ ತಪ್ಪಲು, ಸೌತೆಕಾಯಿ, ಉಳ್ಳಾಗಡ್ಡಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಮಧ್ಯಾಹ್ನ ಒಂದೂವರೆಗೆ ಹೋದರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಹನ್ನೆರಡೂವರೆಗೇ ಹೋಗಿ, ಒಲೆ ಆಗ ಚೆನ್ನಾಗಿ ಕಾದಿರುತ್ತದೆ, ರೊಟ್ಟಿ ಹಂಚಿನಿಂದ ಸೀದಾ ತಾಟಿಗೆ ಬರುತ್ತದೆ.

ರೊಟ್ಟಿಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ಕಡೆ ಹಿಂಗಾರಿಯಲ್ಲಿ ಎರೆ ಹೊಲದಲ್ಲಿ ಬೆಳೆಯುವ ಮಾಲದಂಡಿ ಬಿಳಿಜೋಳ ಬಿಟ್ಟು ಬೇರೆ ಜೋಳ ಈ ಮನೆಗೆ ಬರುವುದಿಲ್ಲ. ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ನಮ್ಮಲ್ಲಿ ಮಾತೇ ಇದೆಯಲ್ಲ, ಮುತ್ಯಾ ಆ ಡೋಣಿ ನದಿ ಸಾಲಿನ ಹಳ್ಳಿಯಿಂದ ಬಂದವರು. ಜೋಳ ಈಗಲೂ ಅಲ್ಲಿಂದಲೇ ಬರುತ್ತದೆ. ಒಮ್ಮೆಗೇ ಬೀಸಿಸಿ ಇಡುವುದಿಲ್ಲ. ಎರಡು ದಿನಕ್ಕೆ ಆಗುವಷ್ಟು ಮಾತ್ರ ಗಿರಣಿಗೆ ಕಳಿಸುತ್ತಾರೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ, ಅದಕ್ಕೇ ಕುದಿಯುವ ಎಸರು ಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿಯುತ್ತಾರೆ, ಸುಡುತ್ತಿರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಬಡಿಯುವುದು ನೋಡಬೇಕು ನೀವು. ಎರಡೂ ಕೈ ಬೀಳುತ್ತಿದ್ದ ಹಾಗೆ ರೊಟ್ಟಿ ತಾನೇ ತಿರುಗುತ್ತ ಅಗಲ ಆಗುತ್ತದೆ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಜಾಲಿ ಕಟ್ಟಿಗೆಯ ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬಿ ಬರುತ್ತದೆ. ಪಲ್ಯ, ಸಾರು ಎಲ್ಲ ಗ್ಯಾಸಿನ ಮೇಲೆ ಆಗುತ್ತದೆ. ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆ ಇಟ್ಟುಕೊಂಡಿದ್ದಾರೆ.

ಈ ಅಡುಗೆಮನೆಯಲ್ಲಿ ಗಂಡಸರೂ ರೊಟ್ಟಿ ಬಡಿಯುತ್ತಾರೆ. ಮೂರು ಜನ ಗಂಡುಮಕ್ಕಳಿಗೂ ಮುತ್ಯಾ ಚಿಕ್ಕವರಿದ್ದಾಗಲೇ ಕಲಿಸಿದ್ದರು. ಓಣಿಯ ಜನ ಆಗ ನಕ್ಕಿದ್ದರಂತೆ. ಈಗ ನೋಡಿದರೆ ದೊಡ್ಡ ಮಗ ಬಡಿದ ರೊಟ್ಟಿ ಯಾವುದು, ಸೊಸೆ ಬಡಿದ ರೊಟ್ಟಿ ಯಾವುದು ಅಂತ ಹೇಳಲು ಬರುವುದಿಲ್ಲ.

ಮುತ್ಯಾ ಅಡುಗೆ ಕಲಿತದ್ದು 1972ರ ಬರದಲ್ಲಿ. ಆ ವರ್ಷ ನಮ್ಮ ಜಿಲ್ಲೆ ಏನಾಗಿತ್ತು ಅಂತ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಆಗ ಬಾಗಲಕೋಟೆಯೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾವಿ ಬತ್ತಿದವು, ದನಗಳನ್ನು ಸಿಕ್ಕ ಬೆಲೆಗೆ ಮಾರಿದರು, ಜನ ಊರು ಬಿಟ್ಟು ಕಾಮಗಾರಿ ಹುಡುಕಿಕೊಂಡು ಹೋದರು. ಮುತ್ಯಾ ಆಗ ಮೂವತ್ತೂ ದಾಟದ ರೈತ. ಒಂದು ಗಂಜಿ ಕೇಂದ್ರದಲ್ಲಿ ಕಟ್ಟಿಗೆ ಒಡೆಯುವ ಕೆಲಸಕ್ಕೆ ಸೇರಿ, ಆಮೇಲೆ ಹಂಡೆ ತಿರುಗಿಸುವವರಾಗಿ, ಕೊನೆಗೆ ಅಡುಗೆಯವರೇ ಆದರು. ದೊಡ್ಡ ಪಾತ್ರೆಗೆ ಎಷ್ಟು ನೀರು, ಎಷ್ಟು ನುಚ್ಚು, ಜನ ಜಾಸ್ತಿ ಬಂದರೆ ಹೇಗೆ ಹಿಗ್ಗಿಸಬೇಕು, ಎಲ್ಲ ಅಲ್ಲೇ ಕಲಿತದ್ದು. ಮಳೆ ಬಂದ ಮೇಲೂ ಅವರು ಹೊಲಕ್ಕೆ ಹಿಂದಿರುಗಲಿಲ್ಲ. ಹೊಲ ತಮ್ಮನಿಗೆ ಬಿಟ್ಟು ಹೆಂಡತಿಯನ್ನು (ನಾವೆಲ್ಲ ಆಯಿ ಅನ್ನುವುದು ಇವರಿಗೇ) ಕರೆದುಕೊಂಡು ವಿಜಯಪುರಕ್ಕೆ ಬಂದರು. ಮೊದಲು ಗುಡಿಯ ಹತ್ತಿರ ಬುಟ್ಟಿಯಲ್ಲಿ ಕಟಿರೊಟ್ಟಿ (ಒಣಗಿಸಿದ ಗಟ್ಟಿ ರೊಟ್ಟಿ), ಹಿಂಡಿ ಇಟ್ಟುಕೊಂಡು ಮಾರಿದರು, ಆಮೇಲೆ ಈ ಖಾನಾವಳಿ.

ಅನ್ನ ಚೆಲ್ಲಿದರೆ ಅವರಿಗೆ ಸಿಟ್ಟು ಬರುತ್ತಿದ್ದದ್ದು ಆ ಬರ ನೋಡಿದ್ದಕ್ಕೆ. ಯಾರು ಅಂತ ನೋಡುತ್ತಿರಲಿಲ್ಲ. "ಬೇಕಾದಷ್ಟ ಹಾಕಿಸ್ಕೊರಿ, ಹಾಕಿಸ್ಕೊಂಡದ್ದು ಬಿಡಬ್ಯಾಡ್ರಿ" ಅಂತ ಎಲ್ಲರ ಎದುರಿಗೇ ಹೇಳಿಬಿಡುತ್ತಿದ್ದರು. ಕೆಲವರಿಗೆ ಅದು ಕೆಟ್ಟ ಅನ್ನಿಸಿ ಮತ್ತೆ ಬರಲಿಲ್ಲ. ಮುತ್ಯಾ ಮಾತ್ರ ಉಂಡ ಮೇಲೆ ತಮ್ಮ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದರು. ನಮ್ಮ ಹಳೇ ಲಿಂಗಾಯತ ಮನೆಗಳಲ್ಲಿ ಹಿರಿಯರು ಹೀಗೇ ಮಾಡುತ್ತಿದ್ದರು, ಉಂಡದ್ದು ಪ್ರಸಾದ ಅಂತ. ಈಗ ಮಾಡುವವರು ಕಡಿಮೆ.

ಅವರ ಭಕ್ತಿ ಅಡುಗೆಯಲ್ಲಿ ಹೇಗೆ ಸೇರಿಕೊಂಡಿತ್ತು ಅನ್ನುವುದಕ್ಕೆ ಉಪ್ಪಿನ ವಿಷಯ ಹೇಳಬೇಕು. ಬೆಳಗಿನ ಜಾವ ಎದ್ದು ಸ್ನಾನ, ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ. ಆಮೇಲೆ ಒಲೆ. ಎಲ್ಲ ಅಡುಗೆ ಆದ ಮೇಲೆ ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಲಿಂಗಕ್ಕೆ ಅರ್ಪಿಸುವವರೆಗೆ ಯಾರೂ ರುಚಿ ನೋಡುವ ಹಾಗಿಲ್ಲ. ಅಡುಗೆ ಮಾಡುವವರೂ ನೋಡುವ ಹಾಗಿಲ್ಲ! ದಿನಾ ನೂರಾರು ಜನರಿಗೆ ಅಡುಗೆ ಮಾಡುವ ಮನುಷ್ಯ ಇಷ್ಟು ವರ್ಷ ನಾಲಿಗೆಗೆ ಒಂದು ಹನಿ ಸಾರು ಹಚ್ಚದೆ ಉಪ್ಪು ಹಾಕಿದರು. ಅವರ ಲೆಕ್ಕ ಪೂರ್ತಿ ಕೈಯಲ್ಲಿತ್ತು. ಆ ಪಾತ್ರೆಗೆ ಎರಡು ಹಿಡಿ, ಈ ಪಾತ್ರೆಗೆ ಒಂದು ಹಿಡಿ ಮತ್ತು ಮೂರು ಬೆರಳ ಚಿಟಿಕೆ. ಖಾರ ಬಣ್ಣ ನೋಡಿ, ಹುಳಿ ವಾಸನೆ ನೋಡಿ.

ಈಗ ಅಡುಗೆ ನೋಡಿಕೊಳ್ಳುವವನು ದೊಡ್ಡ ಮೊಮ್ಮಗ. ಅವನೂ ಪೂಜೆ ಮಾಡಿಯೇ ಒಲೆ ಮುಂದೆ ಬರುತ್ತಾನೆ, ಅವನೂ ರುಚಿ ನೋಡುವುದಿಲ್ಲ. ಮುತ್ಯಾ ಹೋದ ಹೊಸದರಲ್ಲಿ ಸಾರು ಉಪ್ಪುಪ್ಪಾಗಿ ಬರುತ್ತಿತ್ತು, ಆಗ ಹೋಗಿ ಬಂದವರು ಖಾನಾವಳಿ ಮುಗಿಯಿತು ಅಂತ ಊರೆಲ್ಲ ಹೇಳಿದರು. ಕಾರಣ ಏನು ಗೊತ್ತಾ? ಹುಡುಗನ ಕೈ ಮುತ್ಯಾನ ಕೈಗಿಂತ ದೊಡ್ಡದು. ಹಿಡಿ ಅಂದರೆ ಯಾರ ಹಿಡಿ? ಅದನ್ನು ಕಂಡುಹಿಡಿದವರು ಆಯಿ. ಐವತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದವರು, ಮುತ್ಯಾನ ಹಿಡಿಯಲ್ಲಿ ಎಷ್ಟು ಬರುತ್ತಿತ್ತು ಅಂತ ಅವರಿಗೆ ಗೊತ್ತು. ಒಂದು ಸ್ಟೀಲ್ ವಾಟಗಾದಲ್ಲಿ (ಬಟ್ಟಲಲ್ಲಿ) ಅಷ್ಟು ಉಪ್ಪು ಹಾಕಿ ತೋರಿಸಿದರು. ಮೊಮ್ಮಗ ಆ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಗೀರು ಎಳೆದಿಟ್ಟುಕೊಂಡಿದ್ದಾನೆ. ನಾನು ಆ ವಾಟಗಾ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೀರು ಸ್ವಲ್ಪ ಸೊಟ್ಟ ಇದೆ, ಉಪ್ಪು ತಾಗಿ ತಾಗಿ ಅಲ್ಲಿ ಕಂದು ಬಣ್ಣ ಬಂದಿದೆ. ಅವತ್ತಿನಿಂದ ಸಾರು ಸರಿಯಾಗಿದೆ. ಆಗ ಉಂಡು ಬೇಜಾರಾದವರು ದಯವಿಟ್ಟು ಇನ್ನೊಮ್ಮೆ ಹೋಗಿ ನೋಡಿ.

ಪುಂಡಿಪಲ್ಯ ಈ ಊರಲ್ಲಿ ಇಷ್ಟು ಚೆನ್ನಾಗಿ ಬೇರೆ ಕಡೆ ಸಿಗುವುದಿಲ್ಲ, ಇದು ನನ್ನ ಅಭಿಪ್ರಾಯ. ಪುಂಡಿ ಸೊಪ್ಪನ್ನು ಒಮ್ಮೆ ಕುದಿಸಿ ಆ ಹುಳಿನೀರು ಬಸಿದು, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಬೇಯಿಸುತ್ತಾರೆ. ನುಚ್ಚು ಕರಗಿಯೂ ಇರಬಾರದು, ಹಲ್ಲಿಗೆ ಕಾಳು ಕಾಳಾಗಿ ಸಿಗಲೂಬಾರದು. ಇಲ್ಲಿ ಅದು ಸರಿಯಾಗಿ ಬರುತ್ತದೆ. ಮೇಲೆ ಒಂದು ಚಮಚ ಹಸಿ ಎಣ್ಣೆ ಹಾಕಿಸಿಕೊಳ್ಳಿ. ಝುಣಕವೂ ಚೆನ್ನಾಗಿದೆ, ಬಿಸಿ ಇರುವಾಗಲೇ ತಿನ್ನಿ. ಮಡಕಿ ಕಾಳಿನ ಪಲ್ಯ ಸಾಧಾರಣ.

ಈಗ ಎಣ್ಣೆಗಾಯಿಯ ವಿಷಯ. ಮಸಾಲೆ ಏನೂ ಬದಲಾಗಿಲ್ಲ. ಸಣ್ಣ ಮುಳ್ಳುಬದನೆಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆ, ಬೆಲ್ಲ ಎಲ್ಲ ಕೂಡಿಸಿ ತುಂಬುತ್ತಾರೆ. ಬದಲಾದದ್ದು ಎಣ್ಣೆ. ಮುತ್ಯಾ ಇರುವವರೆಗೆ ಗಾಣದ ಕುಸುಬಿ ಎಣ್ಣೆ. ಈಗ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆ. ಕೇಳಿದೆ. ಮೊಮ್ಮಗ ಮುಚ್ಚಿಡಲಿಲ್ಲ. "ಕುಸುಬಿ ಹಾಕಿದ್ರ ನೂರು ರೂಪಾಯಿಗೆ ಊಟ ಕೊಡಾಕ ಆಗೂದಿಲ್ರಿ" ಅಂದ. ಅವನ ಮಾತು ಸುಳ್ಳಲ್ಲ. ಮೊದಲು ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಇರುತ್ತಿತ್ತು, ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ, ಮನೆಗೆ ವರ್ಷದ ಎಣ್ಣೆಯೂ ಆಗುತ್ತಿತ್ತು. ಈಗ ಆ ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲ, ಬಿತ್ತುವವರೂ ಕಡಿಮೆ. ಅದೆಲ್ಲ ಸರಿ, ಆದರೂ ನನಗೆ ಒಪ್ಪಿಗೆ ಆಗಲಿಲ್ಲ. ಬದನೆಕಾಯಿ ಕುಸುಬಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೆಂದಾಗ ಬರುವ ಘಮ ಬೇರೆ. ವಾರಕ್ಕೆ ಒಂದೇ ದಿನ ಮಾಡಲಿ, ಅದಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿ, ಕೊಡುವವರು ಇದ್ದೇವೆ. ಇದನ್ನು ಅವನಿಗೂ ಹೇಳಿದ್ದೇನೆ. ಹಿಂಡಿಗಳಿಗೆ ಮಾತ್ರ ಇನ್ನೂ ಕುಸುಬಿ ಎಣ್ಣೆಯನ್ನೇ ಮೇಲೆ ಹಾಕುತ್ತಾರೆ, ಕೇಳಿ ಹಾಕಿಸಿಕೊಳ್ಳಿ. ಬೇಸಿಗೆಯಲ್ಲಿ ಎಣ್ಣೆಗಾಯಿ ಸಿಗುವುದೇ ಇಲ್ಲ. ಬದನೆ ಕಹಿ ಬರುತ್ತದೆ, ಬೀಜ ಬಲಿತಿರುತ್ತದೆ ಅಂತ ಮುತ್ಯಾ ಬೇಡ ಅಂದಿದ್ದರು, ಅದು ಈಗಲೂ ನಡೆಯುತ್ತಿದೆ.

ಮುತ್ಯಾ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ತಪ್ಪಿಸುತ್ತಿರಲಿಲ್ಲ. ಸ್ವಾಮೀಜಿಯ ಅಂಗಿಗೆ ಕಿಸೆ ಇರಲಿಲ್ಲ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, 2018ರಲ್ಲಿ ಪದ್ಮಶ್ರೀ ಬಂದಾಗ ಅದನ್ನೂ ಬೇಡ ಅಂದವರು. ಅದನ್ನು ನೋಡಿಯೇ ಮುತ್ಯಾ ತಾವೂ ಕಿಸೆ ಇಲ್ಲದ ಅಂಗಿ ಹೊಲಿಸಿಕೊಂಡರು, ಗಲ್ಲಾದ ಕಡೆ ಹೋಗುವುದನ್ನು ಬಿಟ್ಟರು. ರೊಕ್ಕ ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಆಮೇಲೆ ಅವರು ಕೇಳಿದ್ದೇ ಇಲ್ಲ. ಹಳ್ಳಿಯಿಂದ ಓದಲು ಬಂದ ಹುಡುಗರು ತಿಂಗಳುಗಟ್ಟಲೆ ಉದ್ರಿ ಉಂಡಿದ್ದಾರೆ.

2023ರ ಜನವರಿ 2ರ ಸಂಜೆ ಸ್ವಾಮೀಜಿ ಹೋದರು. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಇಟ್ಟಾಗ ಲಕ್ಷಗಟ್ಟಲೆ ಜನ ಬಂದರು, ಊರಿನ ರಸ್ತೆಗಳೆಲ್ಲ ತುಂಬಿಹೋದವು. ಮುತ್ಯಾಗೆ ಆಗ ವಯಸ್ಸು ಎಂಬತ್ತರ ಹತ್ತಿರ, ಮೊಣಕಾಲು ಬಾಗುತ್ತಿರಲಿಲ್ಲ. ರಾತ್ರಿಯೆಲ್ಲ ಒಲೆ ಆರಲಿಲ್ಲ. ಮನೆಯವರೆಲ್ಲ ಕೂತು ರೊಟ್ಟಿ ಬಡಿದರು, ರೊಟ್ಟಿಯ ನಡುವೆ ಹಿಂಡಿ ಇಟ್ಟು ಸುರುಳಿ ಮಾಡಿ, ಬೆಳಗ್ಗೆ ಬುಟ್ಟಿ ಹೊತ್ತು ಹೋಗಿ ದೂರದ ಊರುಗಳಿಂದ ಬಂದವರಿಗೆ ಹಂಚಿದರು. ಮುತ್ಯಾ ದರ್ಶನಕ್ಕೆ ಹೋಗಲಿಲ್ಲ. "ಅವರ ಮಾತ ಕೇಳೀನಿ, ಸಾಕು. ಬಂದವರು ಹಸದಾರ, ಹಿಟ್ಟು ನಾದ್ರಿ" ಅಂದರಂತೆ.

ತಮಗೆ ಸ್ಮಾರಕ ಕಟ್ಟಬೇಡಿ ಅಂತ ಸ್ವಾಮೀಜಿ ಬರೆದಿಟ್ಟಿದ್ದರಲ್ಲ, ಮುತ್ಯಾ ಅದನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ತಮ್ಮ ಫೋಟೋ ಗೋಡೆಗೆ ಹಾಕಬಾರದು ಅಂತ ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು. ಹಾಗಾಗಿ ನೀವು ಹೋದರೆ ಗೋಡೆಯ ಮೇಲೆ ಬಸವಣ್ಣ ಇದ್ದಾರೆ, ಸ್ವಾಮೀಜಿ ಇದ್ದಾರೆ, ಮುತ್ಯಾ ಇಲ್ಲ.

ಅವರು ಲಿಂಗೈಕ್ಯರಾದದ್ದು ಶ್ರಾವಣದಲ್ಲಿ, ಸೋಮವಾರ. ಮಣ್ಣು ಕೊಟ್ಟ ಮರುದಿನವೇ ಖಾನಾವಳಿ ತೆರೆಯಿತು. ಬಂಧುಗಳಲ್ಲಿ ಕೆಲವರು ಮುಖ ಸಿಂಡರಿಸಿದರು, ಹನ್ನೊಂದು ದಿನವಾದರೂ ಮುಚ್ಚಬೇಕಿತ್ತು ಅಂದರು. ಆಯಿ ಒಪ್ಪಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ ಅಂತ ಶರಣರು ಹೇಳಿದ್ದಾರೆ, ಜೀವನಪೂರ್ತಿ ಅದನ್ನೇ ನಂಬಿದವರಿಗೆ ನಾವು ಸೂತಕ ಮಾಡುವುದು ಹೇಗೆ ಅಂತ ಕೇಳಿದರು. ಅವತ್ತು ಗೋಧಿ ಹುಗ್ಗಿ ಮಾಡಿದ್ದರು. ಉಂಡವರು ಯಾರೂ ಹೆಚ್ಚು ಮಾತಾಡಲಿಲ್ಲ, ರೊಕ್ಕವನ್ನೂ ಯಾರ ಹತ್ತಿರವೂ ತೆಗೆದುಕೊಳ್ಳಲಿಲ್ಲ.

ಮುತ್ಯಾ ಮಾಡಿದ್ದೆಲ್ಲ ನನಗೆ ಸರಿ ಅನ್ನಿಸುತ್ತಿತ್ತು ಅಂತಲ್ಲ. ಮನೆಯ ಹಿರಿಯರಾಗಿ ಬಹಳ ಗಟ್ಟಿ ಮನುಷ್ಯ. ಎರಡನೇ ಮಗನಿಗೆ ಸ್ಟೇಷನ್ ರೋಡಿನ ಕಡೆ ಇನ್ನೊಂದು ಖಾನಾವಳಿ ತೆರೆಯುವ ಆಸೆ ಇತ್ತು, ಗೋಲಗುಮ್ಮಟ ನೋಡಲು ಬರುವ ಜನ ಅಲ್ಲಿ ಜಾಸ್ತಿ. ಒಂದು ಒಲೆ ಸಾಕು ಅಂತ ಮುತ್ಯಾ ಬಿಡಲೇ ಇಲ್ಲ. ಗಂಡುಮಕ್ಕಳ ಕೈಗೆ ಹಿಟ್ಟು ಕೊಟ್ಟವರು ಸೊಸೆಯಂದಿರ ಕೈಗೆ ಗಲ್ಲಾದ ಕೀಲಿ ಕೊಡಲಿಲ್ಲ. ಅಕ್ಕಮಹಾದೇವಿಯ ವಚನ ಬಾಯಿತುಂಬ ಹೇಳುವವರಿಗೆ ಇದು ಯಾಕೆ ತಿಳಿಯಲಿಲ್ಲ ಅಂತ ನನಗೆ ಆಗಲೂ ಅನ್ನಿಸಿತ್ತು. ಈಗ ದೊಡ್ಡ ಸೊಸೆ ಗಲ್ಲಾದಲ್ಲಿ ಕೂತಿದ್ದಾರೆ. ಲೆಕ್ಕ ಚೊಕ್ಕ, ಫೋನಿನಲ್ಲಿ ರೊಕ್ಕ ಕಳಿಸಬಹುದು, ಉಂಡವರಿಗೆ ಚಿಲ್ಲರೆಗಾಗಿ ಕಾಯುವುದು ತಪ್ಪಿದೆ. ಕೈಯಲ್ಲಿ ರೊಕ್ಕ ಇಲ್ಲದ ಹುಡುಗರಿಗೆ "ಉಣ್ರಿ ತಮ್ಮಾ, ಮುಂದ ನೋಡೂಣು" ಅನ್ನುವುದನ್ನು ಅವರೂ ಬಿಟ್ಟಿಲ್ಲ. ಖಾನಾವಳಿಯ ಆಡಳಿತ ಮೊದಲಿಗಿಂತ ಚೆನ್ನಾಗಿದೆ, ಇದನ್ನು ಹೇಳಲೇಬೇಕು.

ಆಯಿ ಬಾಗಿಲ ಪಕ್ಕ ತಪ್ಪಲು ಸೋಸುತ್ತ ಕೂತಿರುತ್ತಾರೆ. ಮಾತಾಡಿಸಿ, ಅವರಿಗೆ ಖುಷಿ ಆಗುತ್ತದೆ. ಮೊದಲ ಸಲ ಬಂದವರನ್ನು ಯಾವ ಊರು, ಮಳೆ ಹೇಗಿದೆ ಅಂತ ಕೇಳುತ್ತಾರೆ. ಮುತ್ಯಾನ ಅಡುಗೆಯ ಬಗ್ಗೆ ಕೇಳಿದರೆ ಹೇಳುತ್ತಾರೆ. ಅವರ ಕಡೆಯ ದಿನಗಳ ಬಗ್ಗೆ ಮಾತ್ರ ಕೇಳಬೇಡಿ.

ಯಾವಾಗ ಹೋಗಬೇಕು ಅಂದರೆ, ಶ್ರಾವಣ ಸೋಮವಾರ ಹುಗ್ಗಿ ಇರುತ್ತದೆ, ತುಪ್ಪ ಧಾರಾಳ. ಬಸವ ಜಯಂತಿಯ ದಿನ ಎಲ್ಲರಿಗೂ ಪುಕ್ಕಟೆ ಊಟ, ಹೋಳಿಗೆ, ಕಟ್ಟಿನ ಸಾರು. ಅವತ್ತು ರೊಕ್ಕ ಕೊಡಲು ಹೋಗಬೇಡಿ, ಬೇಕಾದರೆ ಬಡಿಸಲು ನಿಲ್ಲಿ, ಬೇಡ ಅನ್ನುವುದಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮಾತ್ರ ಆರಾಮವಾಗಿ ಕೂತು ಉಣ್ಣುವ ಆಸೆ ಇಟ್ಟುಕೊಳ್ಳಬೇಡಿ. ನಂದಿಕೋಲು ನೋಡಲು ಬಂದವರು, ದನದ ಜಾತ್ರೆಗೆ ಬಂದವರು ಎಲ್ಲ ಇಲ್ಲೇ ಇರುತ್ತಾರೆ. ಆಗ ಕಟಿರೊಟ್ಟಿ, ಹಿಂಡಿ ಕಟ್ಟಿಸಿಕೊಂಡು ಹೋಗುವುದೇ ಒಳ್ಳೆಯದು. ಕಟಿರೊಟ್ಟಿ ಒಣಗಿದ ಜಾಗದಲ್ಲಿ ಇಟ್ಟರೆ ಬಹಳ ದಿನ ಇರುತ್ತದೆ, ಬೆಂಗಳೂರಿಗೆ ಒಯ್ಯುವವರು ಒಂದು ದಿನ ಮೊದಲೇ ಹೇಳಿಡಿ.

ಎಳ್ಳ ಅಮಾವಾಸ್ಯೆಯ ದಿನ ಖಾನಾವಳಿಗೆ ಬೀಗ. ಮನೆಮಂದಿಯೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು ಕಟ್ಟಿಕೊಂಡು ಡೋಣಿ ಸಾಲಿನ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಚೆಲ್ಲಲು, ಹೋಗಿರುತ್ತಾರೆ. ಮರುದಿನ ಮಧ್ಯಾಹ್ನದಿಂದ ಮತ್ತೆ ತೆರೆದಿರುತ್ತದೆ.